ಡಾಲಿ ಮೇಲೆ ಕಾರು: ಸ್ಟೀರಿಂಗ್ ಕಟ್ಟಬೇಕಾ, ಬಿಡಬೇಕಾ?

ಪ್ರಶ್ನೆ: ನನ್ನ ಹತ್ತಿರ ಎರಡು ಕಾರುಗಳಿವೆ. ಒಂದು ಫ್ರಂಟ್ ವೀಲ್ ಡ್ರೈವ್ ಹ್ಯಾಚ್‌ಬ್ಯಾಕ್. ಇನ್ನೊಂದು ಹಳೇ ರಿಯರ್ ವೀಲ್ ಡ್ರೈವ್ ಸೆಡಾನ್, ಮ್ಯಾನ್ಯುಯಲ್ ಗೇರ್. ಕೀ ಕಳೆದು ಇಗ್ನಿಷನ್ ಸ್ವಿಚ್ ಬದಲಿಸಿದಾಗಿನಿಂದ ಅದರ ಸ್ಟೀರಿಂಗ್ ಲಾಕ್ ಕೆಲಸ ಮಾಡುತ್ತಿಲ್ಲ. ಎರಡನ್ನೂ ಒಂದಾದ ಮೇಲೆ ಒಂದರಂತೆ ಟೋ ಡಾಲಿ (ಕಾರಿನ ಎರಡು ಚಕ್ರ ಮಾತ್ರ ಮೇಲೇರುವ ಸಣ್ಣ ಎಳೆಗಾಡಿ) ಮೇಲೆ ಸುಮಾರು 300 ಕಿ.ಮೀ. ಎಳೆದುಕೊಂಡು ಹೋಗಬೇಕು. ಒಬ್ಬರು "ಕೀ ತೆಗೆದು ಸ್ಟೀರಿಂಗ್ ಲಾಕ್ ಮಾಡಿ" ಅಂದರು. ಇನ್ನೊಬ್ಬರು "ಲಾಕ್ ಮಾಡಿದರೆ ತಿರುವಿನಲ್ಲಿ ಬೆಲ್ಟ್ ಕಿತ್ತುಕೊಂಡು ಬರುತ್ತದೆ, ಬಿಟ್ಟುಬಿಡಿ" ಅಂದರು. ಸೀಟ್ ಬೆಲ್ಟ್ ಸುತ್ತಿ ಕಟ್ಟಿದರೆ ಸಾಕು ಅಂತ ಮೂರನೆಯವರು. ಯಾರ ಮಾತು ಕೇಳಲಿ? ಬೇಕಿದ್ದರೆ ಕಾರಿನೊಳಗೆ ಒಬ್ಬರನ್ನು ಕೂರಿಸಿ ಸ್ಟೀರಿಂಗ್ ಹಿಡಿಸಬಹುದಾ?

ಉತ್ತರ: ಮೊದಲಿನ ಇಬ್ಬರೂ ಹೇಳಿದ್ದು ಸರಿ. ಇಬ್ಬರೂ ಬೇರೆ ಬೇರೆ ಡಾಲಿ ನೋಡಿದವರು, ಅಷ್ಟೇ. ಮೂರನೆಯವರ ಮಾತು ಮಾತ್ರ ಬೇಡ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ಕೆಲಸ ಮಾಡಿ. ಕೀಲುಗಳನ್ನು ಎಣಿಸಿ. ಮುಂದೆ ಎಳೆಯುವ ಗಾಡಿ, ನಡುವೆ ಡಾಲಿ, ಹಿಂದೆ ಕಾರು. ಎಳೆಯುವ ಗಾಡಿಗೂ ಡಾಲಿಗೂ ನಡುವೆ ಒಂದು ಕೀಲು ಇದ್ದೇ ಇರುತ್ತದೆ, ಅದೇ ಹಿಚ್ ಬಾಲ್. ಡಾಲಿಗೂ ಕಾರಿಗೂ ನಡುವೆ ಇನ್ನೊಂದು ಕೀಲು ಬೇಕು. ಯಾಕೆಂದರೆ ಕಾರಿನ ಎರಡು ಚಕ್ರ ಡಾಲಿ ಮೇಲೆ, ಇನ್ನೆರಡು ರಸ್ತೆ ಮೇಲೆ. ತಿರುವಿನಲ್ಲಿ ಡಾಲಿ ಒಂದು ಕಡೆ ಮುಖ ಮಾಡಿದಾಗ ಕಾರು ಇನ್ನೂ ಸ್ವಲ್ಪ ಬೇರೆ ಕಡೆ ಮುಖ ಮಾಡಿರುತ್ತದೆ. ಆ ವ್ಯತ್ಯಾಸವನ್ನು ಯಾವುದಾದರೂ ಒಂದು ಕೀಲು ನುಂಗಲೇಬೇಕು.

ಆ ಕೀಲು ಒಂದೇ ಒಂದು ಇರಬೇಕು. ಸೊನ್ನೆಯೂ ಬೇಡ, ಎರಡೂ ಬೇಡ. ಸೊನ್ನೆ ಆದರೆ ಡಾಲಿಯೂ ಕಾರೂ ಒಂದೇ ಉದ್ದದ ಕಬ್ಬಿಣದ ತೊಲೆಯಂತೆ ಆಗುತ್ತವೆ. ಆಗ ತಿರುವಿನಲ್ಲಿ ಟೈರ್‌ಗಳು ಅಡ್ಡಡ್ಡ ಉಜ್ಜುತ್ತವೆ, ಚಕ್ರ ಕಟ್ಟಿದ ಬೆಲ್ಟ್‌ಗಳ ಮೇಲೆ ಎಲ್ಲ ಒತ್ತಡ ಬೀಳುತ್ತದೆ. ನಿಮ್ಮ ಎರಡನೆಯ ಸಲಹೆಗಾರರು ಹೆದರಿದ್ದು ಇದಕ್ಕೇ. ಎರಡು ಆದರೆ ಕಾರು ಸುಮ್ನೆ ಹಿಂದೆ ಬರುವುದಿಲ್ಲ, ಓಲಾಡುತ್ತಾ ಬರುತ್ತದೆ.

ಈಗ ನಿಮ್ಮ ಡಾಲಿ ನೋಡಿ. ಚಕ್ರ ಕೂರುವ ತಟ್ಟೆಗಳ ನಡುವೆ, ಆಕ್ಸಲ್‌ನ ಮೇಲೆ ಒಂದು ದಪ್ಪ ಪಿವಟ್ ಪಿನ್ ಇದೆಯಾ? ಕಾರು ಇಲ್ಲದಾಗ, ಲಾಚ್ ಬಿಡಿಸಿ ತಟ್ಟೆಯನ್ನು ಕೈಯಲ್ಲಿ ತಳ್ಳಿದರೆ ಅದು ಎಡಕ್ಕೂ ಬಲಕ್ಕೂ ತಿರುಗುತ್ತದಾ? ತಿರುಗಿದರೆ ಎರಡನೆಯ ಕೀಲು ಡಾಲಿಯಲ್ಲೇ ಇದೆ ಅಂತ ಅರ್ಥ. ಆಗ ಕಾರಿನ ಸ್ಟೀರಿಂಗ್ ನೇರವಾಗಿ ಲಾಕ್ ಆಗಿರಬೇಕು. ತಟ್ಟೆ ತಿರುಗುವುದೇ ಇಲ್ಲ, ಚಾಸಿಗೆ ಬೆಸುಗೆ ಹಾಕಿದಂತಿದೆ ಅಂದರೆ ಕೀಲಿನ ಕೆಲಸ ಕಾರಿನ ಸ್ಟೀರಿಂಗೇ ಮಾಡಬೇಕು. ಆಗ ಸ್ಟೀರಿಂಗ್ ಬಿಟ್ಟಿರಬೇಕು. ಡಾಲಿ ಮೇಲೆ ಅಂಟಿಸಿದ ಸೂಚನೆ ಓದಿ, ಅದರ ಜೊತೆ ಬಂದ ಪುಸ್ತಕ ಓದಿ. ನನ್ನ ಮಾತಿಗೂ ಅದಕ್ಕೂ ಹೊಂದದಿದ್ದರೆ ಅದು ಹೇಳಿದ್ದನ್ನೇ ಮಾಡಿ.

ನಿಮ್ಮ ಹ್ಯಾಚ್‌ಬ್ಯಾಕ್ ವಿಷಯ ಸುಲಭ. ಮುಂದಿನ ಚಕ್ರ ಡಾಲಿ ಮೇಲೆ, ಹಿಂದಿನವು ರಸ್ತೆ ಮೇಲೆ. ತಿರುಗುವ ತಟ್ಟೆಯ ಡಾಲಿ ಅಂತ ಇಟ್ಟುಕೊಳ್ಳೋಣ. ಕಾರನ್ನು ಹತ್ತಿಸುವ ಮೊದಲು ಎಳೆಯುವ ಗಾಡಿ, ಡಾಲಿ, ಕಾರು ಮೂರೂ ಒಂದೇ ಸಾಲಿನಲ್ಲಿರಲಿ. ಕೊನೆಯ ನಾಲ್ಕೈದು ಮೀಟರ್ ಸ್ಟೀರಿಂಗ್ ಅಲ್ಲಾಡಿಸದೆ ನೇರವಾಗಿ ಬಂದು ಹತ್ತಿಸಿ. ಆಮೇಲೆ ಎಂಜಿನ್ ನಿಲ್ಲಿಸಿ, ಕೀ ತೆಗೆದು, ಸ್ಟೀರಿಂಗನ್ನು ಸ್ವಲ್ಪ ಆಚೀಚೆ ಆಡಿಸಿದರೆ ಟಕ್ ಅಂತ ಲಾಕ್ ಬೀಳುತ್ತದೆ.

ಇಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ಸ್ಟೀರಿಂಗ್ ಲಾಕ್ ಅಂದರೆ ಕಾಲಮ್‌ನ ಗುಣಿಯೊಂದಕ್ಕೆ ಬೀಳುವ ಸಣ್ಣ ಉಕ್ಕಿನ ಗೂಟ. ಆ ಗುಣಿ ಸರಿಯಾಗಿ ನೇರದಲ್ಲೇ ಇರುತ್ತದೆ ಅಂತೇನಿಲ್ಲ. ಸ್ವಲ್ಪ ಎಡಕ್ಕೋ ಬಲಕ್ಕೋ ತಿರುಗಿದಾಗ ಬೀಳಬಹುದು. ಎರಡು, ಎಲ್ಲ ಕಾರಿನಲ್ಲೂ ಈ ಲಾಕ್ ಇರುವುದಿಲ್ಲ. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರುಗಳಲ್ಲಿ ಕೆಲವಕ್ಕೆ ಲಾಕ್ ಇಲ್ಲ, ಕೆಲವಕ್ಕೆ ಮೋಟಾರ್‌ನಿಂದ ನಡೆಯುವ ಲಾಕ್ ಇದೆ. ಇದ್ದೇ ಇದೆ ಅಂದುಕೊಳ್ಳುವ ಬದಲು ಎಲ್ಲ ಆಫ್ ಮಾಡಿ, ಬಾಗಿಲು ತೆರೆದು ಮುಚ್ಚಿ, ಎರಡೂ ಕೈಯಲ್ಲಿ ತಿರುಗಿಸಿ ನೋಡಿ.

ಲಾಕ್ ಬಿದ್ದ ಮೇಲೂ ರಿಮ್ ಸ್ವಲ್ಪ ಆಡುತ್ತದೆ. ಆಡಲಿ ಬಿಡಿ, ಗಾಬರಿ ಬೇಡ. ಲೆಕ್ಕ ಹೀಗಿದೆ. ಸ್ಟೀರಿಂಗ್ ರಿಮ್ ಸುಮಾರು 37 ಸೆಂ.ಮೀ. ಅಗಲ ಇರುತ್ತದೆ. ಅಂಚಿನಲ್ಲಿ 3 ಸೆಂ.ಮೀ. ಆಡಿದರೆ ಅದು 9 ಡಿಗ್ರಿ. ಸ್ಟೀರಿಂಗ್ ಅನುಪಾತ 15ಕ್ಕೆ 1, ಅಂದರೆ ಸ್ಟೀರಿಂಗ್ 15 ಡಿಗ್ರಿ ತಿರುಗಿದರೆ ಚಕ್ರ 1 ಡಿಗ್ರಿ ತಿರುಗುತ್ತದೆ ಅಂತ ಹಿಡಿದರೆ ಚಕ್ರದಲ್ಲಿ ಅದು ಬರೀ 0.6 ಡಿಗ್ರಿ. ಡಾಲಿ ಮೇಲೆ ಕೂತ ಚಕ್ರಕ್ಕೆ ಇದೇನೂ ಅಲ್ಲ, ಅದನ್ನು ಬೆಲ್ಟ್‌ಗಳೂ ಹಿಡಿದಿರುತ್ತವೆ. ಆದರೆ ಅದೇ ಚಕ್ರ ರಸ್ತೆ ಮೇಲೆ ಉರುಳುತ್ತಿದ್ದರೆ ಮಾತು ಬೇರೆ. ಇದು ಎರಡನೆಯ ಕಾರಿಗೆ ಬೇಕಾಗುತ್ತದೆ.

"ಚಕ್ರ ಬಿಗಿಯಾಗಿ ಕಟ್ಟಿದ್ದೀನಲ್ಲ, ಸ್ಟೀರಿಂಗ್ ಲಾಕ್ ಯಾಕೆ?" ಅಂತ ಹಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಚಕ್ರ ಕಟ್ಟಿದ್ದೀರಿ, ನಿಜ. ಸ್ಟೀರಿಂಗ್ ಬಿಟ್ಟಿದ್ದರೆ ಚಕ್ರ ಅಲ್ಲಾಡುವುದಿಲ್ಲ, ಆದರೆ ಚಕ್ರದ ಮೇಲಿರುವ ಕಾರು ಅಲ್ಲಾಡುತ್ತದೆ. ಬಾಡಿ ಒಂದು ಕಡೆ ಸರಿದಾಗ ಬಂಪರಿನ ಮೂಲೆ ಡಾಲಿಯ ಮಡ್‌ಗಾರ್ಡಿಗೆ ತಾಗುತ್ತದೆ. ಅಷ್ಟೇ ಅಲ್ಲ, ಹಾಗೆ ಸರಿದಾಡಿ ಟೈರ್‌ಗಳು ತಟ್ಟೆಯಲ್ಲಿ ಕೂತ ಜಾಗ ಬಿಡುತ್ತವೆ, ಬೆಲ್ಟ್ ಸಡಿಲ ಆಗುತ್ತದೆ. ಬೆಲ್ಟ್ ಸಡಿಲ ಆದರೆ ಇನ್ನೂ ಜಾಸ್ತಿ ಸರಿದಾಟ. ಒಂದಕ್ಕೊಂದು ಕೈ ಸೇರಿಸುತ್ತವೆ.

ತಟ್ಟೆ ತಿರುಗದ ಡಾಲಿ ಆದರೆ ಉಲ್ಟಾ. ಸ್ಟೀರಿಂಗ್ ಪೂರ್ತಿ ಬಿಟ್ಟಿರಬೇಕು. ಕೀಯನ್ನು ಲಾಕ್ ಬಿಡುವ ಜಾಗಕ್ಕೆ ತಿರುಗಿಸಿ ಅಲ್ಲೇ ಬಿಡಬೇಕಾಗುತ್ತದೆ. ಗಂಟೆಗಟ್ಟಲೆ ಹಾಗಿದ್ದರೆ ಬ್ಯಾಟರಿ ಖಾಲಿ. ಬರೀ ಕೀಯಿಂದ ನಡೆಯುವ ಲಾಕ್ ಆದರೆ ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿಡಿ. ಮೋಟಾರ್ ಲಾಕ್ ಇರುವ ಕಾರಿನಲ್ಲಿ ಹೀಗೆ ಊಹೆಯ ಮೇಲೆ ಕೈ ಹಾಕಬೇಡಿ, ಕಾರಿನ ಪುಸ್ತಕದಲ್ಲಿ ಟೋಯಿಂಗ್ ಭಾಗ ಓದಿ. ಇನ್ನೊಂದು ಮಾತು. ಸ್ಟೀರಿಂಗಿಗೆ ಒಂದು ಕೊನೆ ಇದೆ. ಅದು ಮುಟ್ಟಿದ ಮೇಲೆ ಕೀಲು ಮುಗಿಯಿತು, ಮುಂದಿನ ಒತ್ತಡವೆಲ್ಲ ಟೈ ರಾಡ್ (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳು) ಮತ್ತು ಬೆಲ್ಟ್ ಮೇಲೆ. ಹಾಗಾಗಿ ಕಿರಿದಾದ ಯೂ ಟರ್ನ್ ಬೇಡ.

ಈಗ ಹಳೇ ಸೆಡಾನ್. ಕಷ್ಟ ಇರುವುದು ಇಲ್ಲೇ.

ರಿಯರ್ ವೀಲ್ ಡ್ರೈವ್ ಕಾರಿನ ಹಿಂದಿನ ಚಕ್ರ ರಸ್ತೆ ಮೇಲೆ ಉರುಳಿದರೆ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆ ಹೋಗುವ ಉದ್ದ ದಂಡ) ತಿರುಗುತ್ತದೆ, ಗೇರ್‌ಬಾಕ್ಸಿನ ಔಟ್‌ಪುಟ್ ಶಾಫ್ಟ್ ತಿರುಗುತ್ತದೆ. ಎಂಜಿನ್ ನಿಂತಿರುವಾಗ ಹಲವು ಗೇರ್‌ಬಾಕ್ಸ್‌ಗಳಲ್ಲಿ ಎಣ್ಣೆ ಎಲ್ಲ ಕಡೆ ತಲುಪುವುದಿಲ್ಲ. 300 ಕಿ.ಮೀ. ಹಾಗೆ ಎಳೆದರೆ ಒಳಗೆ ಸವೆಯುತ್ತದೆ. ಅದಕ್ಕೇ ಜನ ಇಂಥ ಕಾರನ್ನು ಹಿಂದುಮುಂದಾಗಿ ಹತ್ತಿಸುತ್ತಾರೆ. ಹಿಂದಿನ ಚಕ್ರ ಡಾಲಿ ಮೇಲೆ, ಮುಂದಿನ ಚಕ್ರ ರಸ್ತೆ ಮೇಲೆ, ಕಾರು ಹಿಮ್ಮುಖವಾಗಿ ಓಡುತ್ತದೆ.

ಸೈಕಲ್ಲಿನ ಸೀಟು ಒಂದೇ ಕೈಯಲ್ಲಿ ಹಿಡಿದು ಮುಂದಕ್ಕೆ ತಳ್ಳಿ ನೋಡಿದ್ದೀರಾ? ಹ್ಯಾಂಡಲ್ ಮುಟ್ಟದಿದ್ದರೂ ಹೆಚ್ಚುಕಡಿಮೆ ನೇರ ಹೋಗುತ್ತದೆ. ಅದೇ ಸೈಕಲ್ಲನ್ನು ಸೀಟು ಹಿಡಿದು ಹಿಂದಕ್ಕೆ ಎಳೆಯಿರಿ. ಎರಡು ಹೆಜ್ಜೆ ಹೋಗುವಷ್ಟರಲ್ಲಿ ಹ್ಯಾಂಡಲ್ ಮಡಚಿಕೊಂಡು ಅಡ್ಡ ನಿಲ್ಲುತ್ತದೆ. ಕಾರಿನ ಮುಂದಿನ ಚಕ್ರವೂ ಹಾಗೆಯೇ. ಚಕ್ರ ತಿರುಗುವ ಅಕ್ಷ ನೆಟ್ಟಗಿರುವುದಿಲ್ಲ, ಮೇಲ್ತುದಿ ಸ್ವಲ್ಪ ಹಿಂದಕ್ಕೆ ಒರಗಿರುತ್ತದೆ. ಇದನ್ನು ಕ್ಯಾಸ್ಟರ್ ಅನ್ನುತ್ತಾರೆ. ಈಗಿನ ಹಲವು ಕಾರುಗಳಲ್ಲಿ ಇದು 3ರಿಂದ 7 ಡಿಗ್ರಿ. ಇದರಿಂದ ಟೈರ್ ನೆಲ ಮುಟ್ಟುವ ಜಾಗ ಆ ಅಕ್ಷದ ಹಿಂದೆ ಬೀಳುತ್ತದೆ. ಮುಂದಕ್ಕೆ ಹೋಗುವಾಗ ಟೈರ್ ಹಿಂದೆ ಹಿಂದೆ ಬಂದು ತಾನಾಗಿ ನೇರ ಆಗುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನೇ ವಾಪಸ್ ಬರುವುದು ಇದರಿಂದಲೇ. ಹಿಂದಕ್ಕೆ ಹೋಗುವಾಗ ಇದೇ ಬಲ ತಿರುಗುಬಾಣ ಆಗುತ್ತದೆ. ಒಂದು ಗುಂಡಿ ಸಿಕ್ಕಿ ಚಕ್ರ ಚೂರು ವಾಲಿದರೆ ಸಾಕು, ಇನ್ನೂ ವಾಲಿಸು ಅಂತಲೇ ತಳ್ಳುತ್ತದೆ. ತಡೆಯಲು ಏನೂ ಇಲ್ಲದಿದ್ದರೆ ಕೊನೆವರೆಗೂ ತಿರುಗಿ ನಿಲ್ಲುತ್ತದೆ. ಆಗ ಹಿಂದೆ ಬರುತ್ತಿರುವ ಕಾರಿನ ಮೂತಿ ಪಕ್ಕದ ಲೇನಿಗೆ ಹೋಗುತ್ತದೆ.

ಹಿಮ್ಮುಖ ಎಳೆತದಲ್ಲಿ ಲಾಕ್ ಸರಿಯಿದ್ದರೂ ಅದೊಂದನ್ನೇ ನಂಬುವುದಿಲ್ಲ ನಾನು. ಆ ಗೂಟ ಇರುವುದು ಕಳ್ಳನ ಕೈ ತಡೆಯಲು, ರಸ್ತೆಯ ಹೊಡೆತ ಗಂಟೆಗಟ್ಟಲೆ ತಿನ್ನಲು ಅಲ್ಲ. ನಿಮ್ಮ ಕಾರಿನಲ್ಲಿ ಅದೂ ಇಲ್ಲ.

ಸೀಟ್ ಬೆಲ್ಟ್ ಯಾಕೆ ಬೇಡ? ಎಳೆದು ನೋಡಿ. ಮೆಲ್ಲಗೆ ಎಳೆದರೆ ಬೆಲ್ಟ್ ಸರಾಗವಾಗಿ ಬರುತ್ತದೆ. ಜಗ್ಗಿದರೆ ಮಾತ್ರ ಹಿಡಿಯುತ್ತದೆ. ಅದರ ಒಳಗಿನ ಸುರುಳಿ ಇರುವುದೇ ಹಾಗೆ. ಕ್ಯಾಸ್ಟರ್ ಬಲ ಯಾವಾಗಲೂ ಜಗ್ಗುವುದಿಲ್ಲ. ಮೆಲ್ಲಗೆ, ಬಿಡದೆ ತಳ್ಳುತ್ತದೆ. ಬೆಲ್ಟ್ ಅಷ್ಟಷ್ಟೇ ಬಿಟ್ಟುಕೊಡುತ್ತಾ ಹೋಗುತ್ತದೆ. ನಾನೂ ಹೊಸದರಲ್ಲಿ ಹೀಗೆ ಮಾಡಿ ಪಾಠ ಕಲಿತಿದ್ದೇನೆ. ಕಡ್ಡಿಗಳ ನಡುವೆ ಬೆಲ್ಟ್ ತೂರಿಸಿ ಬಕಲ್ ಹಾಕಿ, ಗಟ್ಟಿ ಇದೆ ಅಂತ ಖುಷಿಯಿಂದ ಹೊರಟೆ. ಅರ್ಧ ಗಂಟೆ ಆದ ಮೇಲೆ ಕನ್ನಡಿಯಲ್ಲಿ ಕಾರಿನ ಒಂದೇ ಪಕ್ಕ ಜಾಸ್ತಿ ಕಾಣುತ್ತಿದೆ ಅನ್ನಿಸಿತು. ನಿಲ್ಲಿಸಿ ನೋಡಿದರೆ ಸ್ಟೀರಿಂಗ್ ಕಾಲು ಸುತ್ತು ತಿರುಗಿತ್ತು. ಟೈರಿನ ಒಂದು ಅಂಚು ಮುಟ್ಟಲಾಗದಷ್ಟು ಬಿಸಿ, ರಬ್ಬರ್ ಪುಡಿ ಪುಡಿ. ಟೈರ್ ಹೊಸದಾಗಿತ್ತು ಅನ್ನುವುದು ಬೇರೆ ಸಂಕಟ.

ಎಲಾಸ್ಟಿಕ್ ಹಗ್ಗವೂ ಬೇಡ, ಅದರ ಗುಣವೇ ಹಿಗ್ಗುವುದು. ನೈಲಾನ್ ಹಗ್ಗವೂ ಹಿಗ್ಗುತ್ತದೆ. ಕಳ್ಳತನ ತಡೆಯಲು ರಿಮ್ಮಿಗೆ ಅಡ್ಡ ಹಾಕುವ ಉದ್ದನೆಯ ಕಬ್ಬಿಣದ ಸರಳು ಬಾಗಿಲಿಗೋ ಡ್ಯಾಶ್‌ಬೋರ್ಡಿಗೋ ತಾಗುವವರೆಗೆ ತಿರುಗಲು ಬಿಡುತ್ತದೆ, ಅದೂ ಉಪಯೋಗವಿಲ್ಲ. ರಿಮ್ಮಿಂದ ಬ್ರೇಕ್ ಪೆಡಲ್ಲಿಗೆ ಕೊಕ್ಕೆ ಹಾಕುವ ಬಗೆಯದಂತೂ ಇನ್ನೂ ಅಪಾಯ. ಅದು ಪೆಡಲನ್ನು ಚೂರು ಒತ್ತಿದರೂ ದಾರಿಯುದ್ದಕ್ಕೂ ಬ್ರೇಕ್ ಉಜ್ಜುತ್ತಿರುತ್ತದೆ.

ಟೋಯಿಂಗ್‌ನವರು ಬಳಸುವ ಸ್ಟೀರಿಂಗ್ ಕ್ಲಾಂಪ್ ಸಿಕ್ಕಿದರೆ ಅದನ್ನೇ ತನ್ನಿ. ಸಿಗದಿದ್ದರೆ 25 ಮಿ.ಮೀ. ಅಗಲದ, ಹಿಡಿ ಆಡಿಸಿ ಬಿಗಿಯುವ ಎರಡು ರ‍್ಯಾಚೆಟ್ ಬೆಲ್ಟ್ ಸಾಕು. ಎರಡು ಅಂದರೆ ಎರಡೇ, ಒಂದರಲ್ಲಿ ಆಗುವುದಿಲ್ಲ. ಬೆಲ್ಟ್ ಎಳೆಯಬಲ್ಲದು, ತಳ್ಳಲಾರದು. ರಿಮ್ ಬಲಕ್ಕೆ ತಿರುಗುವಾಗ ಅದರ ಎಡಗಡೆ ಮೇಲೇಳುತ್ತದೆ, ಎಡ ಬೆಲ್ಟ್ ತಡೆಯುತ್ತದೆ. ಎಡಕ್ಕೆ ತಿರುಗುವಾಗ ಬಲ ಬೆಲ್ಟ್ ತಡೆಯುತ್ತದೆ. ಒಂದೇ ಕಟ್ಟಿದರೆ ಇನ್ನೊಂದು ಕಡೆ ಬಾಗಿಲು ತೆರೆದಿಟ್ಟಂತೆ.

ಕಟ್ಟುವ ಮೊದಲು ಚಕ್ರ ನಿಜವಾಗಿ ನೇರ ಇದೆಯಾ ನೋಡಬೇಕು. ಹಳೇ ಕಾರಿನಲ್ಲಿ ಸ್ಟೀರಿಂಗ್ ರಿಮ್ ನೇರ ಕಂಡರೆ ಚಕ್ರ ನೇರ ಅಂತ ನಂಬಬೇಡಿ. ಹಿಂದಿನ ಟೈರಿನ ಪಕ್ಕಕ್ಕೆ ದಾರ ತಾಗಿಸಿ ಮುಂದಿನ ಟೈರಿನವರೆಗೆ ಬಿಗಿಯಾಗಿ ಹಿಡಿಯಿರಿ. ಮುಂದಿನ ಟೈರಿನ ಎರಡು ಅಂಚಿನಲ್ಲೂ ದಾರಕ್ಕೆ ಇರುವ ಸಂದು ಅಳೆಯಿರಿ. ಇನ್ನೊಂದು ಪಕ್ಕದಲ್ಲೂ ಹಾಗೇ ಮಾಡಿ. ಎರಡೂ ಕಡೆ ಒಂದೇ ರೀತಿ ಬರುವಂತೆ ಸ್ಟೀರಿಂಗ್ ಹೊಂದಿಸಿ. ಇಷ್ಟು ಕೂದಲು ಸೀಳಬೇಕಾ ಅಂದರೆ, ಹೌದು. 1 ಡಿಗ್ರಿ ಓರೆ ಇದ್ದರೆ ಟೈರ್ ಪ್ರತಿ ಕಿ.ಮೀ.ಗೆ ಸುಮಾರು 17 ಮೀಟರ್ ಅಡ್ಡಕ್ಕೆ ಉಜ್ಜುತ್ತದೆ. ನಿಮ್ಮ 300 ಕಿ.ಮೀ.ಗೆ ಅದು 5 ಕಿ.ಮೀ. ಆಗುತ್ತದೆ.

ಆಮೇಲೆ ರಿಮ್‌ನ ಎಡ ಮತ್ತು ಬಲ ಪಕ್ಕದಿಂದ, ಗಡಿಯಾರದಲ್ಲಿ 9 ಮತ್ತು 3 ಇರುವ ಜಾಗದಿಂದ ಒಂದೊಂದು ಬೆಲ್ಟ್ ಇಳಿಸಿ. ಎಡದ್ದನ್ನು ಚಾಲಕನ ಸೀಟಿನ ಎಡ ಹಳಿಯ ಬುಡಕ್ಕೆ, ಬಲದ್ದನ್ನು ಬಲ ಹಳಿಯ ಬುಡಕ್ಕೆ ಕೊಕ್ಕೆ ಹಾಕಿ. ಬೆಲ್ಟ್ ರಿಮ್ಮಿನ ಮೇಲೆ ಜಾರದಂತೆ ಕಡ್ಡಿ ರಿಮ್ಮಿಗೆ ಸೇರುವ ಮೂಲೆಗೆ ಸುತ್ತಿ ತನ್ನಿ. ಬಾಗಿಲ ಹಿಡಿ, ಪ್ಲಾಸ್ಟಿಕ್ ಮುಚ್ಚಳ, ಇಂಡಿಕೇಟರ್ ಕಡ್ಡಿ ಇವಕ್ಕೆಲ್ಲ ಕಟ್ಟಬೇಡಿ. ಏರ್‌ಬ್ಯಾಗ್ ಇರುವ ಕಾರಾದರೆ ನಡುವಿನ ಪ್ಯಾಡ್ ಮೇಲೆ ಏನೂ ಹಾಯಬಾರದು. ಎರಡನ್ನೂ ಸಮನಾಗಿ ಬಿಗಿಯಿರಿ. ರಿಮ್ ಬಗ್ಗುವಷ್ಟು ಬೇಡ, ಸರಕು ಕಟ್ಟುತ್ತಿಲ್ಲ ನೀವು. ರ‍್ಯಾಚೆಟ್‌ನ ಉಳಿದ ಬಾಲ ಗಂಟು ಹಾಕಿ.

ಈಗ ಹೊರಗೆ ಬಂದು ಮುಂದಿನ ಟೈರನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಸ್ಟೀರಿಂಗ್ ಕಲ್ಲಿನಂತೆ ನಿಂತಿದ್ದರೂ ಟೈರ್ ಕಟಕಟ ಅಂತ ಆಡಿದರೆ ಟೈ ರಾಡ್ ತುದಿಗಳೋ ಸ್ಟೀರಿಂಗ್ ಬಾಕ್ಸೋ ಸವೆದಿದೆ. ಆ ಸಡಿಲವನ್ನು ಒಳಗಿನ ಯಾವ ಬೆಲ್ಟೂ ಹಿಡಿಯಲಾರದು. ಅಂಥ ಕಾರನ್ನು ಹಿಮ್ಮುಖವಾಗಿ ಎಳೆಯಲೇಬೇಡಿ, ನಾಲ್ಕೂ ಚಕ್ರ ಮೇಲೇರುವ ಟ್ರೇಲರ್ ತರಿಸಿ.

ಇಷ್ಟೆಲ್ಲ ಹೇಳಿದ್ದೇನೆ. ಆದರೂ ನನ್ನನ್ನು ಕೇಳಿದರೆ ಆ ಸೆಡಾನನ್ನು ಹಿಮ್ಮುಖವಾಗಿ ಹತ್ತಿಸಬೇಡಿ. ಎಂಜಿನ್ ಭಾರವೆಲ್ಲ ಸಾಲಿನ ಹಿಂತುದಿಗೆ ಹೋಗುತ್ತದೆ, ವೇಗ ಏರಿದಂತೆ ಓಲಾಟ ಹೆಚ್ಚುತ್ತದೆ. ಡಾಲಿ ತಯಾರಿಸುವ ಹಲವರು ಹೀಗೆ ಹತ್ತಿಸಬಾರದು ಅಂತಲೇ ಬರೆದಿರುತ್ತಾರೆ. ತಟ್ಟೆ ತಿರುಗದ ಡಾಲಿಯಲ್ಲಂತೂ ಸಾಧ್ಯವೇ ಇಲ್ಲ. ಹಿಂದಿನ ಚಕ್ರಕ್ಕೆ ಸ್ಟೀರಿಂಗ್ ಇಲ್ಲ, ಕೀಲು ಸೊನ್ನೆ. ಇದರ ಬದಲು ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಕಾರನ್ನು ಮುಂಭಾಗದಿಂದಲೇ ಹತ್ತಿಸಿ. ಬಿಚ್ಚುವ ಮೊದಲು ಶಾಫ್ಟನ್ನು ಬೋಲ್ಟ್ ಹಾಕಿ ಜೋಡಿಸುವ ಬಿಲ್ಲೆಗಳ, ಅಂದರೆ ಫ್ಲಾಂಜ್‌ಗಳ ಮೇಲೆ ಗುರುತು ಹಾಕಿ, ವಾಪಸ್ ಅದೇ ಜಾಗಕ್ಕೆ ಕೂರಬೇಕು. ಶಾಫ್ಟ್ ಗೇರ್‌ಬಾಕ್ಸಿನ ಒಳಗೆ ಜಾರಿ ಕೂರುವ ಬಗೆಯದಾದರೆ ಆ ತೂತಿನಿಂದ ಎಣ್ಣೆ ಸೋರುತ್ತದೆ, ಬಿರಡೆ ಹಾಕಿ. ಆಗ ಸೆಡಾನಿಗೂ ಹ್ಯಾಚ್‌ಬ್ಯಾಕಿಗೂ ಒಂದೇ ನಿಯಮ. ತಿರುಗುವ ತಟ್ಟೆಯಾದರೆ ಅದೇ ಎರಡು ಬೆಲ್ಟ್‌ನಿಂದ ಸ್ಟೀರಿಂಗ್ ಕಟ್ಟಿ. ಈ ಸಲ ಅದರ ಮೇಲೆ ಬೀಳುವ ಒತ್ತಡ ತುಂಬ ಕಡಿಮೆ.

ಹ್ಯಾಂಡ್ ಬ್ರೇಕ್ ಮರೆಯಬೇಡಿ. ಹಿಂದಿನ ಚಕ್ರ ರಸ್ತೆ ಮೇಲಿದ್ದರೆ ಅದು ಪೂರ್ತಿ ಇಳಿದಿರಬೇಕು. ಎಲೆಕ್ಟ್ರಾನಿಕ್ ಹ್ಯಾಂಡ್ ಬ್ರೇಕ್ ಇರುವ ಕೆಲವು ಕಾರುಗಳಲ್ಲಿ ಎಂಜಿನ್ ಆಫ್ ಮಾಡಿದ ಕೂಡಲೇ ಅದು ತಾನೇ ಹಾಕಿಕೊಳ್ಳುತ್ತದೆ. ಕಟ್ಟಿಯಾದ ಮೇಲೆ ನಾಲ್ಕು ಮೀಟರ್ ಎಳೆದು, ಹಿಂದಿನ ಎರಡೂ ಚಕ್ರ ಉರುಳುತ್ತಿವೆಯಾ ಅಂತ ಇನ್ನೊಬ್ಬರಿಂದ ನೋಡಿಸಿ. ಆಲ್ ವೀಲ್ ಡ್ರೈವ್ ಕಾರು ಮತ್ತು ಎಲೆಕ್ಟ್ರಿಕ್ ಕಾರುಗಳಿಗೆ ಡಾಲಿ ಅಲ್ಲ, ಟ್ರೇಲರೇ ಸರಿ.

ಹೊರಡುವ ಮುನ್ನ ಇನ್ನೊಂದು ಸಣ್ಣ ಕೆಲಸ. ಸ್ಟೀರಿಂಗ್ ರಿಮ್‌ನ ತುದಿಗೊಂದು, ಅದರ ಎದುರಿಗೆ ಡ್ಯಾಶ್‌ಬೋರ್ಡಿನ ಮೇಲೊಂದು ಟೇಪಿನ ತುಂಡು ಅಂಟಿಸಿ, ಎರಡೂ ಒಂದೇ ಗೆರೆಯಲ್ಲಿರಲಿ. ಮೊದಲ 5–10 ಕಿ.ಮೀ. ಆದ ಮೇಲೆ ನಿಲ್ಲಿಸಿ ನೋಡಿ. ಗೆರೆ ತಪ್ಪಿದ್ದರೆ ಬೆಲ್ಟ್ ಜಾರಿದೆ ಅಂತ ಕಿಟಕಿಯಿಂದಲೇ ಗೊತ್ತಾಗುತ್ತದೆ. ಚಕ್ರದ ಬೆಲ್ಟ್‌ಗಳು ಈ ಮೊದಲ ನಿಲುಗಡೆಯಲ್ಲಿ ಸಡಿಲ ಆಗಿಯೇ ಇರುತ್ತವೆ, ಟೈರ್ ಆಗಷ್ಟೇ ಜಾಗ ಹಿಡಿದಿರುತ್ತದೆ. ಬಿಗಿ ಮಾಡಿ. ಆಮೇಲೆ ಗಂಟೆಗೊಮ್ಮೆ ನಿಲ್ಲಿಸಿ. ರಸ್ತೆ ಮೇಲಿನ ಟೈರ್‌ಗಳ ಹತ್ತಿರ ಕೈ ಹಿಡಿದು ಬಿಸಿ ನೋಡಿ. ಒಂದರ ಬಿಸಿ ಇನ್ನೊಂದಕ್ಕಿಂತ ಜಾಸ್ತಿ ಅನ್ನಿಸಿದರೆ ಮುಂದೆ ಹೋಗಬೇಡಿ, ಕಾರಣ ಹುಡುಕಿ. ಡಾಲಿ ಮೇಲೆ ಕಾರು ಇರುವಾಗ ರಿವರ್ಸ್ ಹೋಗಲು ಬರುವುದಿಲ್ಲ. ಎರಡು ಕೀಲು ಒಂದೊಂದು ಕಡೆ ಮಡಚಿಕೊಳ್ಳುತ್ತವೆ. ಹಾಗಾಗಿ ನಿಲ್ಲಿಸುವ ಜಾಗದಿಂದ ಮುಂದಕ್ಕೇ ಹೊರಬರುವಂತಿರಲಿ.

ಇನ್ನು ಒಳಗೆ ಒಬ್ಬರನ್ನು ಕೂರಿಸುವ ವಿಚಾರ. ಬೇಡವೇ ಬೇಡ. ಎಂಜಿನ್ ಆಫ್ ಆದ ಮೇಲೆ ಪವರ್ ಸ್ಟೀರಿಂಗ್ ಇಲ್ಲ. ಹಿಮ್ಮುಖ ಓಡುವ ಕಾರಿನಲ್ಲಿ ಕೂತವರಿಗೆ ಮುಂದಿನ ರಸ್ತೆ ಕಾಣುವುದಿಲ್ಲ, ಕುತ್ತಿಗೆ ತಿರುಗಿಸಿದರೆ ಕಾಣುವುದು ನಿಮ್ಮ ಗಾಡಿಯ ಬೆನ್ನು. ನೀವು ತಿರುಗಿಸಿದ ಮೇಲೆ ಅವರಿಗೆ ಗೊತ್ತಾಗುವುದು, ಅಷ್ಟರಲ್ಲಿ ಅವರು ಉಲ್ಟಾ ತಿರುಗಿಸಿರುತ್ತಾರೆ. ಡಾಲಿ ಕಳಚಿದರೆ ಹೋಗುವುದು ಅವರ ಜೀವ. ಆ ಮನುಷ್ಯನನ್ನು ಮುಂದಿನ ಗಾಡಿಯಲ್ಲಿ ನಿಮ್ಮ ಪಕ್ಕ ಕೂರಿಸಿಕೊಳ್ಳಿ, ಟೇಪಿನ ಗೆರೆ ನೋಡುವ ಕೆಲಸ ಅವರಿಗೆ ಕೊಡಿ. ಸೆಡಾನಿನ ಕೀಯನ್ನೂ ಅವರ ಜೇಬಿಗೇ ಹಾಕಿ, ಊರು ತಲುಪಿ ಬೆಲ್ಟ್ ಬಿಚ್ಚುವ ತನಕ ಕೊಡಬೇಡಿ ಅಂತ ಹೇಳಿಡಿ. ಸ್ಟೀರಿಂಗ್ ಕಟ್ಟಿದ್ದು ಮರೆತು, ಡಾಲಿಯಿಂದ ಇಳಿಸುವಾಗಲೇ ಗೋಡೆಗೆ ಗುದ್ದಿದವರನ್ನು ನೋಡಿದ್ದೇನೆ.